ಮಾಲ್ಗುಡಿಯ ಮನೆಯಲ್ಲಿ ಅಜ್ಜಿಯ ಜಾಗ

ಆರ್.ಕೆ. ನಾರಾಯಣ್ ಅವರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಓದಿದವರಿಗೆ ಸ್ವಾಮಿ ನೆನಪಿರುತ್ತಾನೆ. ಮಣಿ, ರಾಜಂ, ಅವರ ಕ್ರಿಕೆಟ್ ಟೀಮು, ಮಾವಿನಹಣ್ಣಿನ ಲೆಕ್ಕ ನೆನಪಿರುತ್ತವೆ. ಸ್ವಾಮಿಯ ಮನೆಯ ನಕ್ಷೆ ಮಾತ್ರ ಅಷ್ಟಾಗಿ ಯಾರ ನೆನಪಿನಲ್ಲೂ ಉಳಿದಿರುವುದಿಲ್ಲ. ನಾರಾಯಣ್ ಆ ನಕ್ಷೆಯನ್ನು ಎಲ್ಲೂ ಒತ್ತಿ ಹೇಳುವುದಿಲ್ಲ, ಆದರೆ ಖಚಿತವಾಗಿ ಕೊಡುತ್ತಾರೆ. ವಕೀಲನಾದ ಅಪ್ಪನಿಗೆ ಒಂದು ಕೋಣೆ ಇದೆ, ಅಲ್ಲಿ ಮೇಜು ಇದೆ, ಕಾನೂನಿನ ಪುಸ್ತಕಗಳಿವೆ. ಮನೆಯ ಮುಂಭಾಗದಲ್ಲಿ ಹಜಾರ, ಒಳಗೆ ಊಟದ ಮನೆ. ಇವೆರಡರ ನಡುವೆ ಗಾಳಿ ಬೆಳಕು ಸರಿಯಾಗಿ ಬಾರದ ಒಂದು ಪ್ಯಾಸೇಜು. ಸ್ವಾಮಿಯ ಅಜ್ಜಿ ಇರುವುದು ಅಲ್ಲಿ. ಅವಳ ಹಾಸಿಗೆ, ದಿಂಬು, ಏಲಕ್ಕಿ ಲವಂಗ ಅಡಿಕೆ ತಾಮ್ರದ ಕಾಸು ತುಂಬಿದ ಪುಟ್ಟ ಮರದ ಪೆಟ್ಟಿಗೆ, ಎಲ್ಲವೂ ಅಲ್ಲೇ. ಮನೆಯವರೆಲ್ಲರೂ ದಿನಕ್ಕೆ ಎಷ್ಟೋ ಸಲ ಹಾದುಹೋಗುವ, ಯಾರೂ ನಿಲ್ಲದ ಜಾಗವೇ ಅವಳ ಕೋಣೆ.

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಆಗುಂಬೆಯ ದೊಡ್ಡಮನೆಗೆ ಹೋಗಿದ್ದೆ. ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಸ್ವಾಮಿಯ ಮನೆಯೆಂದು ತೋರಿಸಿದ್ದು ಇದನ್ನೇ. ಸಾಹಿತ್ಯ ಕೃತಿ ತೆರೆಗೆ ಬರುವಾಗ ಅದರೊಳಗಿನ ಸ್ಥಳ ಏನಾಗುತ್ತದೆ ಎಂಬುದು ನನ್ನ ಪಿಎಚ್.ಡಿ. ಸಂಶೋಧನೆಯ ಒಂದು ಭಾಗವಾದ್ದರಿಂದ ಕಾದಂಬರಿಯನ್ನು ಚೀಲದಲ್ಲಿಟ್ಟುಕೊಂಡೇ ಹೊರಟಿದ್ದೆ. ಆ ಮನೆಯೊಳಗೆ ನಿಂತು ಅಜ್ಜಿಯ ಪ್ಯಾಸೇಜಿಗಾಗಿ ಹುಡುಕಿದೆ. ಸಿಗಲಿಲ್ಲ. ಸಿಗುವುದು ಸಾಧ್ಯವೂ ಇರಲಿಲ್ಲ. ಕಾದಂಬರಿಯ ಮನೆಯ ನಡುವೆ ಕತ್ತಲಿದೆ, ದೊಡ್ಡಮನೆಯ ನಡುವೆ ಆಕಾಶವಿದೆ. ಈ ಒಂದು ವ್ಯತ್ಯಾಸದಿಂದ ಮಾಲ್ಗುಡಿಯನ್ನು ನಾವು ನೆನಪಿಟ್ಟುಕೊಂಡಿರುವ ರೀತಿಯೇ ಬದಲಾಗಿದೆ ಎಂದು ನನಗನ್ನಿಸುತ್ತದೆ. ಈ ಬರಹ ಅದರ ಬಗ್ಗೆ.

*

ಮಾಲ್ಗುಡಿ ಮಲೆನಾಡಿಗೆ ಬಂದದ್ದೇ ಒಂದು ವಿಚಿತ್ರ. ನಾರಾಯಣ್ ತಮ್ಮ ಆತ್ಮಕಥೆ ‘ಮೈ ಡೇಸ್’ನಲ್ಲಿ ಹೇಳುವಂತೆ, ಮಾಲ್ಗುಡಿ ಮೊದಲು ಕಂಡದ್ದು ಒಂದು ಪುಟ್ಟ ರೈಲ್ವೆ ನಿಲ್ದಾಣದ ರೂಪದಲ್ಲಿ. ಬೆಂಗಳೂರಿನಲ್ಲಿ ಸೆಪ್ಟೆಂಬರ್ ತಿಂಗಳ ಒಂದು ದಿನ ಹೊಸ ನೋಟ್‌ಬುಕ್ ತೆರೆದು ಏನು ಬರೆಯಲಿ ಎಂದು ಯೋಚಿಸುತ್ತಾ ಕೂತಿದ್ದಾಗ ಆ ನಿಲ್ದಾಣ ಕಣ್ಣಿಗೆ ಕಟ್ಟಿತಂತೆ. ಬರೆಯಲು ಕೂರುವುದಕ್ಕೆ ಶುಭದಿನವನ್ನು ಆರಿಸಿಕೊಟ್ಟವರು ಅವರ ಅಜ್ಜಿ. ನಾರಾಯಣ್ ಬಾಲ್ಯದ ಬಹುಭಾಗವನ್ನು ಕಳೆದದ್ದು ಮದ್ರಾಸಿನ ಪುರಸವಾಕ್ಕಂನಲ್ಲಿ, ಇದೇ ಅಜ್ಜಿಯ ಆಸರೆಯಲ್ಲಿ. ಆ ದಿನ ಶುರುವಾದ ಕಾದಂಬರಿ ಗ್ರಹಾಂ ಗ್ರೀನ್ ಅವರ ನೆರವಿನಿಂದ 1935ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು.

ಹೀಗೆ ರೈಲಿನಿಂದಲೇ ಹುಟ್ಟಿದ ಊರಿಗೆ ಶಂಕರ್ ನಾಗ್ ಆರಿಸಿಕೊಂಡದ್ದು ರೈಲೇ ಬಾರದ ಆಗುಂಬೆಯನ್ನು. ತೀರ್ಥಹಳ್ಳಿ ತಾಲ್ಲೂಕಿನ, ಘಟ್ಟದ ಅಂಚಿನ ಊರು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಮಿಕ್ಕಿ ಮಳೆ. ಕಾದಂಬರಿಯ ಮಾಲ್ಗುಡಿಯಾದರೋ ಬಿಸಿಲೂರು. ಸರಯೂ ನದಿಯ ದಂಡೆಯ ಮರಳಲ್ಲಿ ಸಂಜೆ ಜನ ಕೂರುತ್ತಾರೆ, ಬೇಸಿಗೆ ರಜೆಯ ಮಧ್ಯಾಹ್ನದಲ್ಲಿ ಹುಡುಗರು ಧೂಳೆಬ್ಬಿಸಿಕೊಂಡು ಅಲೆಯುತ್ತಾರೆ. ರೈಲ್ವೆ ನಿಲ್ದಾಣದ ದೃಶ್ಯಗಳಿಗಾಗಿ ಚಿತ್ರತಂಡ ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳು ನಿಲ್ದಾಣಕ್ಕೆ ಹೋಗಬೇಕಾಯಿತು. ಭೂಗೋಳವನ್ನೇ ಹಿಡಿದು ನೋಡಿದರೆ ಆಗುಂಬೆ ತಪ್ಪು ಆಯ್ಕೆ.

ಇದಕ್ಕೂ ಮೊದಲು ನಾರಾಯಣ್ ಅವರ ಊರನ್ನು ಇನ್ನೊಬ್ಬರು ಹೀಗೆ ಎತ್ತಿಕೊಂಡು ಹೋಗಿದ್ದರು. ‘ದಿ ಗೈಡ್’ ಕಾದಂಬರಿ 1965ರಲ್ಲಿ ಹಿಂದಿ ಸಿನಿಮಾ ಆದಾಗ ಮಾಲ್ಗುಡಿ ರಾಜಸ್ಥಾನಕ್ಕೆ ಹೋಯಿತು. ನಾರಾಯಣ್ ತಾವೇ ಚಿತ್ರತಂಡವನ್ನು ಮೈಸೂರಿನ ಸುತ್ತಮುತ್ತ ಓಡಾಡಿಸಿ, ಕಾದಂಬರಿಗೆ ಹೊಂದುವ ಹೊಳೆದಂಡೆ, ದೇವಸ್ಥಾನ, ಬೀದಿಗಳನ್ನು ತೋರಿಸಿದ್ದರು. ಕೊನೆಗೆ ಪರದೆಯ ಮೇಲೆ ಬಂದದ್ದು ಅರಮನೆಗಳು, ಕೋಟೆಗಳು. ಇದನ್ನು ಕುರಿತು ಅವರು ‘ಮಿಸ್‌ಗೈಡೆಡ್ ಗೈಡ್’ ಎಂಬ ಪ್ರಬಂಧವನ್ನೇ ಬರೆದರು. ಅಲ್ಲಿ ನಗುವಿದೆ, ನಗುವಿನ ಅಡಿಯಲ್ಲಿ ನೋವೂ ಇದೆ.

ರಾಜಸ್ಥಾನ ದ್ರೋಹವೆನಿಸಿ ಆಗುಂಬೆ ಯಾಕೆ ದ್ರೋಹವೆನಿಸಲಿಲ್ಲ? ಎರಡೂ ಮಾಲ್ಗುಡಿ ಅಲ್ಲ. ‘ಗೈಡ್’ ಚಿತ್ರ ಮಾಲ್ಗುಡಿಯ ಅಳತೆಯನ್ನೇ ಕೆಡಿಸಿತು ಎಂಬುದು ನನಗೆ ತೋಚುವ ಉತ್ತರ. ನಾರಾಯಣ್ ಅವರ ಪಾತ್ರಗಳು ಕೋಟೆಯೆದುರು ನಿಲ್ಲುವವರಲ್ಲ, ಮನೆಯೆದುರು ಕೂರುವವರು. ಅವರ ಕತೆಗಳಲ್ಲಿ ಅದೆಷ್ಟೋ ಸಂಗತಿಗಳು ನಡೆಯುವುದು ಬಾಗಿಲಿನ ಹೊರಗಿನ ಕಟ್ಟೆಯ ಮೇಲೆ, ನಾವು ಜಗಲಿ ಅನ್ನುವ ಜಾಗದಲ್ಲಿ. ಬೀದಿಯೂ ಅಲ್ಲದ, ಮನೆಯೂ ಅಲ್ಲದ ಆ ಜಾಗದಲ್ಲಿ ಸಾಲಗಾರ ಕಾಯುತ್ತಾನೆ, ಸುದ್ದಿ ಬರುತ್ತದೆ, ಮಗ ತಡವಾಗಿ ಬಂದು ಸಿಕ್ಕಿಬೀಳುತ್ತಾನೆ. ಶಂಕರ್ ನಾಗ್ ಊರು ಬದಲಿಸಿದರೂ ಜಗಲಿಯನ್ನು ಬಿಡಲಿಲ್ಲ. ಆಗುಂಬೆಯಲ್ಲಿ ಅವರಿಗೆ ಸಿಕ್ಕಿದ್ದು ಮಾಲ್ಗುಡಿಯ ಭೂಗೋಳ ಅಲ್ಲ, ಮಾಲ್ಗುಡಿಯ ಎತ್ತರ. ಜಗಲಿಯ ಮೇಲೆ ಕೂತವನಿಗೆ ಲೋಕ ಎಷ್ಟು ಕಾಣುತ್ತದೋ ಅಷ್ಟು.

*

ದೊಡ್ಡಮನೆ ಊರಿನ ಮುಖ್ಯ ಬೀದಿಯಲ್ಲೇ ಇದೆ. ಶತಮಾನಕ್ಕೂ ಹಿಂದಿನ ಮನೆ. ಹೊರಗೆ ಉದ್ದದ ಜಗಲಿ, ಇಳಿಜಾರಿನ ಹೆಂಚಿನ ಮಾಡು, ಕೈಯಾಡಿ ಕೈಯಾಡಿ ನುಣುಪಾದ ಮರದ ಕಂಬಗಳು. ಒಳಗೆ ಕಾಲಿಟ್ಟರೆ ತೊಟ್ಟಿ. ನಾಲ್ಕೂ ಕಡೆಯ ಮಾಡು ಅದರತ್ತಲೇ ಬಾಗಿದೆ. ಸುತ್ತ ಕಂಬಸಾಲು, ಕೋಣೆಗಳು, ಮೇಲಕ್ಕೆ ಮರದ ಮೆಟ್ಟಿಲು. ಮನೆಯವರು ಈಗಲೂ ಅಲ್ಲೇ ವಾಸವಾಗಿದ್ದಾರೆ, ಬಂದವರನ್ನು ಒಳಗೆ ಕರೆದು ಕಷಾಯ ಕೊಡುತ್ತಾರೆ. ಟಿಕೆಟ್ ಕೌಂಟರ್ ಇಟ್ಟು ನಡೆಸಬಹುದಾಗಿದ್ದ ಜಾಗವನ್ನು ಅವರು ಮನೆಯಾಗಿಯೇ ಉಳಿಸಿಕೊಂಡಿದ್ದಾರೆ. ಮಲೆನಾಡಿನಲ್ಲಿ ಹಳೆಯ ಮರದ ಮನೆಯನ್ನು ಉಳಿಸುವುದು ಅಂದರೆ ಏನೆಂದು ಬಲ್ಲವರಿಗೆ ಗೊತ್ತು. ಪ್ರತಿ ಮಳೆಗಾಲಕ್ಕೆ ಮುಂಚೆ ಹೆಂಚು ನೋಡಬೇಕು, ಜಂತಿಗೆ ಗೆದ್ದಲು ಹತ್ತಿದೆಯೇ ನೋಡಬೇಕು, ಮಳೆಯ ಎರಚಲು ಒಳಗೆ ಬಾರದಂತೆ ಕಾಯಬೇಕು. ಇದು ಸಿನಿಮಾದಿಂದ ಉಳಿದ ಮನೆಯಲ್ಲ, ದುಡಿಮೆಯಿಂದ ಉಳಿದದ್ದು.

ನಾನಿದ್ದ ಎರಡು ಗಂಟೆಗಳಲ್ಲಿ ನಾಲ್ಕೈದು ಗುಂಪುಗಳು ಬಂದು ಹೋದವು. ಎಲ್ಲರೂ ಮೊದಲು ಕೂತದ್ದು ಜಗಲಿಯ ಮೇಲೆ. ಎಲ್.ವೈದ್ಯನಾಥನ್ ಅವರ ಆ ರಾಗವನ್ನು ಮೊಬೈಲಿನಲ್ಲಿ ಹಾಕಿಕೊಂಡು ರೀಲ್ ಮಾಡಿದರು. ಇಪ್ಪತ್ತರ ಆಸುಪಾಸಿನ ಹುಡುಗಿಯೊಬ್ಬಳು, ಧಾರಾವಾಹಿ ಮೊದಲು ಪ್ರಸಾರವಾದಾಗ ಹುಟ್ಟಿಯೇ ಇರದವಳು, “ಆ ಕಾಲ ಎಷ್ಟು ಚೆಂದ ಇತ್ತಲ್ವಾ” ಅಂದಳು. ಅವಳ ಜೊತೆಗಿದ್ದವರು ತಲೆಯಾಡಿಸಿದರು. ನಾನೂ ಧಾರಾವಾಹಿಯನ್ನು ನೋಡಿದ್ದು ತೀರಾ ತಡವಾಗಿ, ಯೂಟ್ಯೂಬಿನಲ್ಲಿ. ಹಾಗಿದ್ದೂ ಆ ಮಾತು ಅಲ್ಲಿ ಸಹಜವೆನಿಸಿತು. ತೊಟ್ಟಿಯೊಳಗೆ ಬಿಸಿಲು ಬಿದ್ದಿತ್ತು, ಕಂಬಗಳು ಹೊಳೆಯುತ್ತಿದ್ದವು. ಯಾರದೋ ಬಾಲ್ಯ ಅಲ್ಲಿಯೇ ಉಳಿದುಬಿಟ್ಟಿರುವಂತೆ ಕಾಣುತ್ತಿತ್ತು.

ಆ ಬಿಸಿಲಿನ ಮುಂದೆ ಕಾದಂಬರಿಯ ಮನೆಯನ್ನು ಇಟ್ಟು ನೋಡಬೇಕು. ಸ್ವಾಮಿಯದು ಪಟ್ಟಣದ ಮನೆ, ನೌಕರಿ ವಕೀಲಿ ಮಾಡುವವರ ಮನೆ. ಅಂಥ ಮನೆಗಳಿಗೆ ಬೆಳಕು ಮುಂಬಾಗಿಲಿನಿಂದ ಮತ್ತು ಹಿತ್ತಿಲ ಕಡೆಯಿಂದ ಬರುತ್ತದೆ. ನಡುವಿನ ಭಾಗಕ್ಕೆ ಉಳಿಯುವುದು ಕತ್ತಲು. ಯಾರನ್ನು ಎಲ್ಲಿ ಇರಿಸುವುದು ಎಂದು ಗೊತ್ತಾಗದಾಗ ಆ ನಡುವಿಗೆ ಸರಿಸುತ್ತಾರೆ. ತೊಟ್ಟಿಮನೆಯ ಲೆಕ್ಕ ಇದಕ್ಕೆ ತಿರುವುಮುರುವು. ಅಲ್ಲಿ ಬೆಳಕು ನಡುವೆ ಬೀಳುತ್ತದೆ, ಕತ್ತಲು ಅಂಚುಗಳಿಗೆ, ಮೂಲೆಯ ಕೋಣೆಗಳಿಗೆ, ಒಲೆಯ ಹೊಗೆ ತುಂಬಿದ ಅಡುಗೆಮನೆಗೆ ಹೋಗುತ್ತದೆ. ಎಲ್ಲರೂ ಎಲ್ಲರಿಗೂ ಕಾಣುವಂತೆ ಬದುಕುತ್ತಿದ್ದಾರೆ ಎಂಬ ಭಾವನೆಯನ್ನು ಆ ವಾಸ್ತುವೇ ಹುಟ್ಟಿಸುತ್ತದೆ.

ಹೀಗಾಗಿ ಶಂಕರ್ ನಾಗ್ ಪಟ್ಟಣದ ಮನೆಯ ಬದಲು ತೊಟ್ಟಿಮನೆಯನ್ನು ಆರಿಸಿದಾಗ ಕೇವಲ ಲೊಕೇಶನ್ ಬದಲಾಗಲಿಲ್ಲ. ಒಂದು ವಾಕ್ಯವನ್ನೂ ಮುಟ್ಟದೆ ಕತೆ ಬದಲಾಯಿತು. ಧಾರಾವಾಹಿಯಲ್ಲೂ ಅಜ್ಜಿ ಇದ್ದಾಳೆ. ಅವಳನ್ನು ಮೂಲೆಗುಂಪು ಮಾಡಿದ ಗೋಡೆಗಳು ಇಲ್ಲ. ಕಾದಂಬರಿಯಲ್ಲಿ ಅಜ್ಜಿಗೂ ಮನೆಯ ಉಳಿದವರಿಗೂ ಇರುವ ಸಂಬಂಧವನ್ನು ನಾರಾಯಣ್ ಸಂಭಾಷಣೆಗಿಂತ ಹೆಚ್ಚಾಗಿ ಆ ಪ್ಯಾಸೇಜಿನಿಂದ ಹೇಳಿದ್ದರು. ಅದು ಹೋದ ಮೇಲೆ ಉಳಿದದ್ದು ಪ್ರೀತಿಯ ಅಜ್ಜಿ, ತುಂಟ ಮೊಮ್ಮಗ.

*

ಕನ್ನಡದ ಓದುಗರಿಗೆ ಇಲ್ಲಿ ಇನ್ನೊಂದು ಸಂಗತಿ ನೆನಪಾಗಬೇಕು. ಮಲೆನಾಡಿನ ದೊಡ್ಡ ಮನೆಯೊಳಕ್ಕೆ ಕ್ಯಾಮೆರಾ ಹೋದದ್ದು ‘ಮಾಲ್ಗುಡಿ ಡೇಸ್’ನಲ್ಲಿ ಮೊದಲಲ್ಲ. ಯು.ಆರ್.ಅನಂತಮೂರ್ತಿ ಹುಟ್ಟಿದ ಮೇಳಿಗೆ ಇದೇ ತೀರ್ಥಹಳ್ಳಿ ತಾಲ್ಲೂಕಿನದು. ಅವರ ‘ಸಂಸ್ಕಾರ’ 1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರ ನಿರ್ದೇಶನದಲ್ಲಿ ಸಿನಿಮಾ ಆದಾಗ ಚಿತ್ರೀಕರಣ ನಡೆದದ್ದು ಶೃಂಗೇರಿ ಹತ್ತಿರದ ವೈಕುಂಠಪುರದಲ್ಲಿ. ಆಗುಂಬೆಯಿಂದ ಶೃಂಗೇರಿ ಬಹಳ ದೂರವಿಲ್ಲ. 1977ರಲ್ಲಿ ಗಿರೀಶ್ ಕಾಸರವಳ್ಳಿಯವರ ಮೊದಲ ಚಿತ್ರ ‘ಘಟಶ್ರಾದ್ಧ’ ಬಂತು, ಅದೂ ಅನಂತಮೂರ್ತಿಯವರ ಕತೆಯೇ. ಎರಡಕ್ಕೂ ಸ್ವರ್ಣಕಮಲ ಸಿಕ್ಕಿತು. ಎರಡರಲ್ಲೂ ಜಗಲಿ, ಕಂಬ, ಕತ್ತಲ ಒಳಮನೆ ಎಲ್ಲವೂ ಇವೆ. ಆದರೆ ಅಲ್ಲಿ ಮನೆ ಅಂದರೆ ತೀರ್ಪು ಕೊಡುವ ಜಾಗ.

‘ಘಟಶ್ರಾದ್ಧ’ದ ಛಾಯಾಗ್ರಾಹಕ ಎಸ್.ರಾಮಚಂದ್ರ. ‘ಮಾಲ್ಗುಡಿ ಡೇಸ್’ನ ಛಾಯಾಗ್ರಾಹಕರೂ ಅವರೇ. ಈ ಎರಡನ್ನೂ ಒಂದಾದ ಮೇಲೊಂದು ನೋಡಿದರೆ ಆಶ್ಚರ್ಯವಾಗುತ್ತದೆ. ಎರಡರಲ್ಲೂ ಮನೆಯನ್ನು ನೋಡುವ ಕಣ್ಣು ಒಬ್ಬ ಹುಡುಗನದು. ‘ಘಟಶ್ರಾದ್ಧ’ದ ನಾಣಿ ವೇದಪಾಠಕ್ಕೆ ಬಂದವನು. ಗುರುಗಳ ಮಗಳು, ಎಳೆವಯಸ್ಸಿನ ವಿಧವೆ ಯಮುನಕ್ಕ ಬಸುರಿಯಾದದ್ದು, ಊರು ಅವಳನ್ನು ಬದುಕಿರುವಾಗಲೇ ಸತ್ತವಳೆಂದು ಕರ್ಮ ಮಾಡಿ ಹೊರಗೆ ಹಾಕಿದ್ದು, ಎಲ್ಲವೂ ಅವನ ಕಣ್ಣೆದುರು ನಡೆಯುತ್ತದೆ. ಅವನಿಗೆ ಅರ್ಥವಾಗುವುದು ಅರ್ಧ, ಹೆದರಿಕೆ ಮಾತ್ರ ಪೂರ್ತಿ. ಹತ್ತು ವರ್ಷ ಕಳೆಯುವುದರೊಳಗೆ ಅದೇ ಛಾಯಾಗ್ರಾಹಕ ಇನ್ನೊಂದು ಮಲೆನಾಡಿನ ಮನೆಯಲ್ಲಿ ಇನ್ನೊಬ್ಬ ಹುಡುಗನ ಎತ್ತರಕ್ಕೆ ಕ್ಯಾಮೆರಾ ಇಡುತ್ತಾರೆ. ಕಪ್ಪುಬಿಳುಪು ಹೋಗಿ ಬಣ್ಣ ಬಂದಿದೆ. ಸ್ವಾಮಿಗೂ ಹೆದರಿಕೆಯಿದೆ, ಅದು ಅಪ್ಪನ ಲೆಕ್ಕಕ್ಕೆ ಮತ್ತು ಹೆಡ್‌ಮಾಸ್ಟರರ ಬೆತ್ತಕ್ಕೆ.

ನಟರ ವಿಷಯದಲ್ಲೂ ಹಾಗೇ. ‘ಸಂಸ್ಕಾರ’ದಲ್ಲಿ ಪ್ರಾಣೇಶಾಚಾರ್ಯರಾಗಿ ಅಗ್ರಹಾರ ಬಿಟ್ಟು ನಡೆದುಹೋದ ಗಿರೀಶ ಕಾರ್ನಾಡರು ಇಲ್ಲಿ ಸ್ವಾಮಿಯ ಅಪ್ಪನಾಗಿ ಮನೆಗೆ ಮರಳಿ ಬಂದಿದ್ದಾರೆ. ತಾಯಿಯಾಗಿ ವೈಶಾಲಿ ಕಾಸರವಳ್ಳಿ. ಕಲಾ ನಿರ್ದೇಶನ ಮಾಡಿದವರು ಜಾನ್ ದೇವರಾಜ್. ಕನ್ನಡದ ಹೊಸ ಅಲೆಯ ಜೊತೆ ಬೆಳೆದ ಹಲವರು ಸೇರಿ ಮಾಡಿದ ಈ ಕೆಲಸದಲ್ಲಿ ಕನ್ನಡ ಭಾಷೆಯೇ ಇಲ್ಲ. ಮೂಲ ಇಂಗ್ಲಿಷ್, ತೆರೆಯ ಮೇಲೆ ಹಿಂದಿ, ಕೆಲವು ಕಂತುಗಳು ಇಂಗ್ಲಿಷಿನಲ್ಲೂ. ದೂರದರ್ಶನ ಇಡೀ ದೇಶಕ್ಕೆ ಒಂದೇ ಚಾನೆಲ್ ಆಗಿದ್ದ ಕಾಲದಲ್ಲಿ ಅದು ಸಹಜವೇ. ಕನ್ನಡದಲ್ಲಿ ಮಾಡಿದ್ದರೆ ಈ ಮನೆ ಇಷ್ಟು ಹಗುರವಾಗಿ ಕಾಣುತ್ತಿತ್ತೇ ಎಂದು ಮಾತ್ರ ಅನುಮಾನವಾಗುತ್ತದೆ. ಮಲೆನಾಡಿನ ತೊಟ್ಟಿಮನೆ ಕನ್ನಡ ಮಾತಾಡಿದ ತಕ್ಷಣ ಅನಂತಮೂರ್ತಿ ನೆನಪಾಗುತ್ತಾರೆ, ಕುವೆಂಪು ನೆನಪಾಗುತ್ತಾರೆ. ಹಿಂದಿಯಲ್ಲಿ ಅದಕ್ಕೆ ಪೂರ್ವಜನ್ಮದ ನೆನಪಿಲ್ಲ. ಅಲ್ಲಿ ಅದು ‘ಒಂದು ದಕ್ಷಿಣ ಭಾರತದ ಮನೆ’, ಅಷ್ಟೇ.

ಇದನ್ನು ಆರೋಪವಾಗಿ ಹೇಳುತ್ತಿಲ್ಲ. ನಾರಾಯಣ್ ಬರೆದದ್ದು ಹಾಸ್ಯದ ಕಾದಂಬರಿ, ಅದನ್ನು ‘ಘಟಶ್ರಾದ್ಧ’ ಮಾಡಲು ಹೊರಟಿದ್ದರೆ ಅದು ಇನ್ನೂ ದೊಡ್ಡ ತಪ್ಪಾಗುತ್ತಿತ್ತು. ಎಲ್ಲ ಮನೆಗಳೂ ಎಲ್ಲ ಹೊತ್ತೂ ತೀರ್ಪು ಕೊಡುತ್ತಾ ಕೂರುವುದಿಲ್ಲ. ಅಂಥ ಮನೆಗಳಲ್ಲೂ ಮಕ್ಕಳು ಆಡಿದ್ದಾರೆ, ಅಜ್ಜಿಯರು ಕತೆ ಹೇಳಿದ್ದಾರೆ, ಮಾವಿನಹಣ್ಣಿನ ಲೆಕ್ಕ ಮಾಡುವಾಗ ಹಣ್ಣು ಪಕ್ವವಾಗಿತ್ತೋ ಇಲ್ಲವೋ ಎಂದು ಯಾರೋ ಒಬ್ಬ ಹುಡುಗ ತಲೆ ಕೆಡಿಸಿಕೊಂಡಿದ್ದಾನೆ. ಹೊಸ ಅಲೆಯ ಸಿನಿಮಾಗಳು ಈ ಸಂತೋಷವನ್ನು ಕೊಂಚ ಜಿಪುಣತನದಿಂದಲೇ ತೋರಿಸಿದವು. ಶಂಕರ್ ನಾಗ್ ಅದನ್ನು ಮರಳಿ ಕೊಟ್ಟರು. 1990ರಲ್ಲಿ, ಇನ್ನೂ ಮೂವತ್ತಾರು ತುಂಬದಿದ್ದಾಗ, ಅವರು ಅಪಘಾತದಲ್ಲಿ ತೀರಿಕೊಂಡದ್ದರಿಂದ ಈ ಸಂತೋಷಕ್ಕೆ ಒಂದು ವಿಷಾದದ ಲೇಪವೂ ಸೇರಿತು. ಧಾರಾವಾಹಿಯನ್ನು ಟೀಕಿಸುವುದೆಂದರೆ ಅವರನ್ನೇ ಟೀಕಿಸಿದಂತೆ ಎಂದು ನಮ್ಮಲ್ಲಿ ಹಲವರಿಗೆ ಅನ್ನಿಸುವುದು ಇದೇ ಕಾರಣಕ್ಕಿರಬೇಕು.

ನನ್ನ ತಕರಾರು ಧಾರಾವಾಹಿಯ ಜೊತೆಗಲ್ಲ. ಅದನ್ನು ನಾವು ಚರಿತ್ರೆಯೆಂದು ಓದತೊಡಗಿದ್ದರ ಜೊತೆಗೆ.

*

“ಆ ಕಾಲ ಎಷ್ಟು ಚೆಂದ ಇತ್ತು” ಅನ್ನುವ ಮಾತಿಗೆ ಇದೇ ತಾಲ್ಲೂಕಿನ ಸಾಹಿತ್ಯ ಬೇರೆ ಉತ್ತರ ಕೊಟ್ಟಿದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರದು. ಅದರಲ್ಲಿ ದೊಡ್ಡ ಮನೆಗಳು ಬೇಕಾದಷ್ಟಿವೆ, ಆದರೆ ನಾವು ಅವುಗಳತ್ತ ನಡೆದು ಬರುವುದು ಎಷ್ಟೋ ಸಲ ಕೇರಿಯ ಕಡೆಯಿಂದ, ನಾಯಿಗುತ್ತಿಯಂಥವನ ಬೆನ್ನಿಗೆ. ಅವನಿಗೆ ಮನೆ ಅಂದರೆ ಅಂಗಳದ ಆಚೆ ನಿಂತು ಕೂಗಬೇಕಾದ ಜಾಗ. ಜಗಲಿಯ ಮೇಲೆ ಕೂತವನಿಗೂ ಅಂಗಳದಾಚೆ ನಿಂತವನಿಗೂ ಒಂದೇ ಕಟ್ಟಡ ಎರಡು ಬಗೆಯಾಗಿ ಕಾಣುವುದನ್ನು ಕನ್ನಡ ಕಾದಂಬರಿ ಅಷ್ಟು ಹಿಂದೆಯೇ ಬರೆದಿತ್ತು.

ಇದು ನನಗೆ ಬರೀ ಓದಿನ ಸಂಗತಿಯಲ್ಲ. ನನ್ನ ಅಜ್ಜಿ, ಅಮ್ಮನ ಅಮ್ಮ, ಆಗುಂಬೆಯಿಂದ ದೂರದ ಬೇರೊಂದು ಊರಿನಲ್ಲಿ ಅಡಿಕೆ ತೋಟದ ಕೂಲಿಗೆ ಹೋಗುತ್ತಿದ್ದವಳು. ತಾನು ದುಡಿದ ದೊಡ್ಡ ಮನೆಯ ವಿಷಯ ಅವಳು ಬಹಳ ಹೇಳುತ್ತಿದ್ದಳು. ಅಡಿಕೆ ಸುಲಿಯುತ್ತಿದ್ದ ಅಂಗಳ, ಬೇಯಿಸುವ ಹಂಡೆ, ಹಿತ್ತಿಲ ಬಾಗಿಲು, ಅಲ್ಲಿ ಎತ್ತರದಿಂದ ಸುರಿಯುತ್ತಿದ್ದ ನೀರು. ಆ ಮನೆಯೊಳಗೆ ತೊಟ್ಟಿ ಇತ್ತೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ದುಡಿದ ಮನೆಯ ನಡುಭಾಗ ಅವಳು ಕಾಣದ ಜಾಗ. ಆಗುಂಬೆಯ ಮನೆಯಲ್ಲಿ ನನ್ನನ್ನು ಯಾರೂ ಯಾರ ಮಗಳು, ಯಾವ ಪೈಕಿ ಎಂದು ಕೇಳಲಿಲ್ಲ. ಒಳಗೆ ಕರೆದರು, ಕಷಾಯ ಕೊಟ್ಟರು, ಮೇಲೆ ಹತ್ತಿ ನೋಡಲೂ ಬಿಟ್ಟರು. ತೊಟ್ಟಿಯ ಕಟ್ಟೆಯ ಮೇಲೆ ಕೂತಾಗ ನಮ್ಮ ಮನೆತನದಲ್ಲಿ ಇಂಥ ಜಾಗಕ್ಕೆ ಬಂದ ಮೊದಲಿಗಳು ನಾನೇ ಇರಬೇಕು ಅಂದುಕೊಂಡೆ. ಖುಷಿಯೇ ಆಯಿತು. ಈ ಖುಷಿಗೆ ಧಾರಾವಾಹಿಯೂ ಒಂದು ಕಾರಣ ಎಂಬುದನ್ನು ಹೇಳಲೇಬೇಕು. ಅದು ಬಾರದೇ ಇದ್ದಿದ್ದರೆ ಈ ಮನೆಯ ಬಾಗಿಲು ಊರವರಲ್ಲದವರಿಗೆ ಹೀಗೆ ತೆರೆದುಕೊಳ್ಳುತ್ತಿರಲಿಲ್ಲ. ಸಿನಿಮಾ ಒಂದು ಖಾಸಗಿ ಮನೆಯನ್ನು ಎಲ್ಲರ ಮನೆ ಮಾಡಿತು.

ಆದರೆ ಎಲ್ಲರ ಮನೆ ಈಗ ಆದದ್ದು. ಹಿಂದೆ ಇಂಥ ಮನೆಗಳು ಎಲ್ಲರವೂ ಆಗಿದ್ದವು ಎಂಬ ಭ್ರಮೆಯನ್ನೂ ಅದೇ ಬಿಸಿಲು ಹುಟ್ಟಿಸುತ್ತದೆ. ಜಗಲಿಯ ಮೇಲೆ ಕೂತು ರೀಲ್ ಮಾಡುವಾಗ ನಾವೆಲ್ಲರೂ ಸ್ವಾಮಿಯಾಗುತ್ತೇವೆ. ನಮ್ಮ ಅಜ್ಜ ಅಜ್ಜಿಯರಲ್ಲಿ ಎಷ್ಟು ಮಂದಿ ಆ ಜಗಲಿಯ ಮೇಲೆ ಕೂರಬಹುದಿತ್ತು ಎಂಬ ಪ್ರಶ್ನೆ ಆ ಮೂವತ್ತು ಸೆಕೆಂಡುಗಳಲ್ಲಿ ಹಿಡಿಯುವುದಿಲ್ಲ.

*

ಇಷ್ಟೆಲ್ಲ ಹೇಳಿದ ಮೇಲೆ ನಾರಾಯಣ್ ಅವರೇ ಈ ಪ್ರಶ್ನೆಯನ್ನು ಎತ್ತಿದ್ದಾರೆಯೇ ಎಂದು ಕೇಳಬೇಕು. ಜಾತಿಯ ಪ್ರಶ್ನೆಯನ್ನು ಅವರು ಕುವೆಂಪು, ಅನಂತಮೂರ್ತಿಯವರಂತೆ ಎದುರಿಗಿಟ್ಟು ಬರೆದವರಲ್ಲ. ಆದರೆ ಅವರನ್ನು ಬರೀ ಮುಗ್ಧತೆಯ ಲೇಖಕ ಅನ್ನುವುದೂ ಸರಿಯಲ್ಲ. ಮನೆಯೊಳಗೆ ಯಾರಿಗೆ ಎಷ್ಟು ಜಾಗ ಎಂಬ ಲೆಕ್ಕವನ್ನು ಅವರು ಬಲು ಸೂಕ್ಷ್ಮವಾಗಿ ಇಟ್ಟಿದ್ದಾರೆ. ಅದಕ್ಕೆ ಸಾಕ್ಷಿ ಆ ಪ್ಯಾಸೇಜು.

ರಾಜಂ ಮೊದಲ ಸಲ ಮನೆಗೆ ಬರುವ ಪ್ರಸಂಗವನ್ನು ನೋಡಿ. ರಾಜಂ ಪೊಲೀಸ್ ಸೂಪರಿಂಟೆಂಡೆಂಟರ ಮಗ, ಸ್ವಾಮಿಯ ಕಣ್ಣಿಗೆ ರಾಜಕುಮಾರ. ಸ್ವಾಮಿ ಅಪ್ಪನ ಕೋಣೆಯನ್ನು ಕೇಳಿ ಪಡೆಯುತ್ತಾನೆ, ತಿಂಡಿ ಕಾಫಿಗೆ ಹೇಳುತ್ತಾನೆ, ಆಮೇಲೆ ಅಜ್ಜಿಯ ಹತ್ತಿರ ಹೋಗಿ ರಾಜಂ ಇರುವಷ್ಟು ಹೊತ್ತು ಆ ಕಡೆ ಬರಬೇಡ, ಕೂಗಬೇಡ ಎಂದು ತಾಕೀತು ಮಾಡುತ್ತಾನೆ. ಯಾಕೆ ಅಂದರೆ ಅವಳು ತೀರಾ ಮುದುಕಿ. ಅಜ್ಜಿ ಜಗಳವಾಡುವುದಿಲ್ಲ. ಓದುವಾಗ ನಗು ಬರುತ್ತದೆ, ಹುಡುಗನ ಮಾತಲ್ಲವೇ. ಮನೆ ಅವಳಿಗೆ ಅದುವರೆಗೆ ಮಾಡಿದ್ದನ್ನೇ ಹುಡುಗ ಬಾಯಿಬಿಟ್ಟು ಹೇಳಿದ್ದಾನೆ ಎಂದು ಆಮೇಲೆ ಹೊಳೆಯುತ್ತದೆ. ಪ್ಯಾಸೇಜು ಮೊದಲೇ ಅವಳಿಗೆ ಹೇಳಿತ್ತು, ಇಲ್ಲೇ ಇರು ಎಂದು.

ಇನ್ನೊಂದು ಪ್ರಸಂಗ ನಿಂಬೆಹಣ್ಣಿನದು. ಹೊಟ್ಟೆನೋವೆಂದು ಅಜ್ಜಿ ನಿಂಬೆಹಣ್ಣು ತಂದುಕೊಡಲು ಕೇಳುತ್ತಾಳೆ. ಕ್ರಿಕೆಟ್ ಆಟಕ್ಕೆ ಹೊತ್ತಾಯಿತೆಂದು ಸ್ವಾಮಿ ಓಡಿಹೋಗುತ್ತಾನೆ. ನಡುವೆ ಅವನಿಗೆ ಅಜ್ಜಿ ಸತ್ತೇಹೋಗಿರಬಹುದೇ ಎಂಬ ಭಯ ಹತ್ತುತ್ತದೆ. ಇದೇ ಅಜ್ಜಿಗೆ ಒಂದು ಕಾಲದಲ್ಲಿ ಮ್ಯಾಜಿಸ್ಟ್ರೇಟ್ ಗಂಡನಿದ್ದ, ಅವನಿಗೆ ಸಿಕ್ಕ ಚಿನ್ನದ ಪದಕವಿತ್ತು. ಆ ಪದಕ ಕರಗಿ ಸ್ವಾಮಿಯ ಅತ್ತೆಯ ಕೈಬಳೆಯಾಗಿದೆ. ಯಮುನಕ್ಕನ ಹಾಗೆ ಅವಳನ್ನು ಯಾರೂ ಮನೆಯಿಂದ ಹೊರಗೆ ಹಾಕಲಿಲ್ಲ. ಒಳಗೇ ಇಟ್ಟುಕೊಂಡರು, ಆದರೆ ಓಡಾಡುವ ದಾರಿಯಲ್ಲಿ. ‘ಘಟಶ್ರಾದ್ಧ’ದ ಕ್ರೌರ್ಯಕ್ಕೆ ಮಂತ್ರ ಬೇಕು, ಸಾಕ್ಷಿಗಳು ಬೇಕು, ಊರು ಸೇರಬೇಕು. ನಾರಾಯಣ್ ಕಂಡದ್ದಕ್ಕೆ ಇವು ಯಾವುವೂ ಬೇಡ, ಒಳ್ಳೆಯ ಮನುಷ್ಯರು ಕೋಣೆಗಳನ್ನು ಹಂಚಿಕೊಂಡರೆ ಸಾಕು.

ಹಾಗೆಂದು ಆ ಪ್ಯಾಸೇಜು ಬರೀ ದುಃಖದ ಜಾಗವೂ ಅಲ್ಲ. ರಾತ್ರಿ ಊಟವಾದ ಮೇಲೆ ಸ್ವಾಮಿ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಮಲಗುವುದು ಅಲ್ಲಿಯೇ. ಏಲಕ್ಕಿ ಲವಂಗದ ಆ ವಾಸನೆಯಲ್ಲಿ ಅವನಿಗೆ ಲೋಕದ ಯಾವ ಭಯವೂ ಇರುವುದಿಲ್ಲ. ಇಡೀ ಮನೆಯಲ್ಲಿ ಅವನು ನಿಜವಾಗಿ ನೆಮ್ಮದಿಯಾಗಿರುವುದು ಅತ್ಯಂತ ಕತ್ತಲಿನ, ಅತ್ಯಂತ ಕೀಳಾದ ಜಾಗದಲ್ಲಿ. ನಾರಾಯಣ್ ಅವರ ದೊಡ್ಡತನ ಇರುವುದು ಇಲ್ಲಿ ಎಂದು ನಾನು ಭಾವಿಸುತ್ತೇನೆ. ನೆಮ್ಮದಿಯನ್ನೂ ಅನ್ಯಾಯವನ್ನೂ ಅವರು ಬೇರೆ ಬೇರೆ ಕೋಣೆಗಳಲ್ಲಿ ಇಡಲಿಲ್ಲ, ಒಂದೇ ಹಾಸಿಗೆಯ ಮೇಲೆ ಇಟ್ಟರು. ತೊಟ್ಟಿಯ ಬೆಳಕಿನಲ್ಲಿ ಅನ್ಯಾಯ ಮರೆಯಾಯಿತು, ನೆಮ್ಮದಿ ಉಳಿಯಿತು. ಆ ಉಳಿದದ್ದನ್ನೇ ನಾವು ಮಾಲ್ಗುಡಿ ಅನ್ನುತ್ತಿದ್ದೇವೆ.

ಈಗ ಮಾಲ್ಗುಡಿಗೆ ವಿಳಾಸಗಳು ಹೆಚ್ಚಾಗುತ್ತಿವೆ. ಅರಸಾಳಿನ ಹಳೆಯ ನಿಲ್ದಾಣದ ಕಟ್ಟಡವನ್ನು ರೈಲ್ವೆಯವರು ದುರಸ್ತಿ ಮಾಡಿ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ಮೈಸೂರಿನ ಯಾದವಗಿರಿಯಲ್ಲಿ ನಾರಾಯಣ್ ಕಟ್ಟಿಸಿದ ಮನೆಯನ್ನು ಕೆಡವಲು ಶುರುಮಾಡಿ, ವಿರೋಧ ಬಂದ ಮೇಲೆ ನಿಲ್ಲಿಸಿ, 2016ರಲ್ಲಿ ಮ್ಯೂಸಿಯಂ ಆಗಿ ತೆರೆಯಲಾಯಿತು. ಲೇಖಕ ಬದುಕಿದ ಮನೆಯನ್ನು ಉಳಿಸಿಕೊಳ್ಳಲು ಹೋರಾಟ ಬೇಕಾಯಿತು, ಅವರ ಪಾತ್ರ ಬದುಕಿದ ಮನೆಯನ್ನು ಜನ ಹುಡುಕಿಕೊಂಡು ಬರುತ್ತಾರೆ. ಇವೆಲ್ಲ ಉಳಿಯಬೇಕು. ವಿದ್ಯಾರ್ಥಿಗಳು ಆಗುಂಬೆಗೆ ಹೋಗಬೇಕು, ಜಗಲಿಯ ಮೇಲೆ ಕೂರಬೇಕು. ಹೋಗುವ ಮುನ್ನ ಕಾದಂಬರಿಯಲ್ಲಿ ಅಜ್ಜಿ ಬರುವ ಪುಟಗಳನ್ನು ಒಮ್ಮೆ ಓದಿಕೊಂಡರೆ ಒಳ್ಳೆಯದು. ಆಗ ಆ ಮನೆಯಲ್ಲಿ ಸ್ವಾಮಿ ಎಲ್ಲಿ ಓಡಾಡಿದ ಎಂದು ಕೇಳುವುದರ ಜೊತೆಗೆ ಅಡುಗೆಮನೆ ಎಲ್ಲಿ, ಬಾಣಂತಿ ಎಲ್ಲಿ ಮಲಗುತ್ತಿದ್ದಳು, ವಯಸ್ಸಾದವರ ಹಾಸಿಗೆ ಎಲ್ಲಿ ಹಾಸುತ್ತಿದ್ದರು, ತೋಟದಿಂದ ಬಂದವರು ಯಾವ ಬಾಗಿಲಿಗೆ ಬರುತ್ತಿದ್ದರು ಎಂದೂ ಕೇಳಬಹುದು. ಇವು ಸಿನಿಮಾದ ಪ್ರಶ್ನೆಗಳಲ್ಲ, ಆ ಮನೆಯ ಪ್ರಶ್ನೆಗಳು. ನೂರಕ್ಕೂ ಹೆಚ್ಚು ವರ್ಷ ಬಾಳಿದ ಮನೆಗೆ ಸಿನಿಮಾದವರು ಇದ್ದು ಹೋದದ್ದಕ್ಕಿಂತ ಹೆಚ್ಚಿನ ನೆನಪುಗಳಿರುತ್ತವೆ, ಕೇಳುವವರು ಬೇಕು ಅಷ್ಟೇ.